ಪರರ ಗೆಲುವಿಗೆ ದುಡಿದವರು: ಟೂರ್ ಡಿ ಫ್ರಾನ್ಸ್‌ನ ಸಹಾಯಕ ಸವಾರರು

ವೃತ್ತಿಪರ ರಸ್ತೆ ಸೈಕ್ಲಿಂಗ್‌ನ ಚರಿತ್ರೆಯನ್ನು ಗೆದ್ದವರ ಪಟ್ಟಿ ಹಿಡಿದು ಬರೆಯುವುದೇ ರೂಢಿ. ಆದರೆ ಈ ವೃತ್ತಿಯಲ್ಲಿ ಹೊಟ್ಟೆ ಹೊರೆದವರಲ್ಲಿ ಹೆಚ್ಚಿನವರು ಯಾವ ದೊಡ್ಡ ರೇಸನ್ನೂ ಗೆಲ್ಲಲಿಲ್ಲ. ಗೆಲ್ಲುವುದು ಅವರ ಕೆಲಸವೂ ಆಗಿರಲಿಲ್ಲ. ನಾಯಕನ ಮುಂದೆ ಸಾಗಿ ಗಾಳಿಗೆ ಎದೆಯೊಡ್ಡುವುದು, ನೀರಿನ ಬಾಟಲಿ ತಂದುಕೊಡುವುದು, ಬೇಕಾದರೆ ತಮ್ಮ ಚಕ್ರವನ್ನೇ ಕಳಚಿಕೊಡುವುದು ಅವರ ದುಡಿಮೆ. ಈ ದುಡಿಮೆಗೆ ಮಾನ್ಯತೆ ತಂದದ್ದು ಆಯೋಜಕರ ಆದರ್ಶವಲ್ಲ, ಹಣ ಹೂಡಿದವರ ಲೆಕ್ಕಾಚಾರ ಎಂಬುದು ನನ್ನ ವಾದ.

1903ರಲ್ಲಿ 'ಲೊತೊ' ಪತ್ರಿಕೆಯ ಪ್ರಸಾರ ಹೆಚ್ಚಿಸಲೆಂದು ಆನ್ರಿ ದೆಗ್ರಾಂಜ್ ಟೂರ್ ಆರಂಭಿಸಿದಾಗ ಹೊರಟವರು 60, ಕೊನೆ ಮುಟ್ಟಿದವರು 21. ಒಬ್ಬೊಬ್ಬನೂ ತನ್ನ ಬಲದಿಂದಲೇ ಓಡಬೇಕೆಂಬುದು ದೆಗ್ರಾಂಜ್‌ನ ಹಟ. 1911ರಲ್ಲಿ ಮೊರೀಸ್ ಬ್ರೊಕ್ಕೊ, ಗೆಲ್ಲುವ ಆಸೆ ಕೈಬಿಟ್ಟು, ಹಿಂದುಳಿದಿದ್ದ ಫ್ರಾಂಸ್ವಾ ಫಾಬೆರ್‌ಗೆ ಜೊತೆಯಾದ. ಮನೆಯಾಳು ಎಂದು ದೆಗ್ರಾಂಜ್ ಪತ್ರಿಕೆಯಲ್ಲೇ ಹಳಿದ. ಬ್ರೊಕ್ಕೊ ಮುಂದಿನ ಹಂತದಲ್ಲಿ ಎಲ್ಲರನ್ನೂ ಹಿಂದಿಕ್ಕಿ ಮೊದಲು ಬಂದ. ಇಷ್ಟು ಶಕ್ತಿಯಿದ್ದೂ ಅದನ್ನು ಮಾರಿಕೊಂಡನಲ್ಲ ಎಂದು ಅವನನ್ನು ರೇಸಿನಿಂದಲೇ ಹೊರಹಾಕಲಾಯಿತು!

ಸೈಕಲ್ ಕಂಪನಿಗಳಿಗೆ ಈ ಆದರ್ಶ ಬೇಕಿರಲಿಲ್ಲ. ಗೆದ್ದ ಸೈಕಲ್ಲು ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. 1929ರಲ್ಲಿ ಕಾಯಿಲೆ ಬಿದ್ದ ಮೊರೀಸ್ ದ ವಾಲ್‌ನನ್ನು ಅವನ ಸೈಕಲ್ ಕಂಪನಿ ಆಲ್ಸಿಯೋನ್‌ನ ತಂಡದವರು ಸುತ್ತುವರಿದು ಪ್ಯಾರಿಸ್ ಮುಟ್ಟಿಸಿ ಗೆಲ್ಲಿಸಿದರು. ಕೆರಳಿದ ದೆಗ್ರಾಂಜ್ 1930ರಲ್ಲಿ ಕಂಪನಿ ತಂಡಗಳನ್ನೇ ತೆಗೆದು, ರಾಷ್ಟ್ರೀಯ ತಂಡಗಳನ್ನು ತಂದ. ಹೆಸರಿಲ್ಲದ ಹಳದಿ ಸೈಕಲ್ ಕೊಟ್ಟ. ಖರ್ಚಿಗೆ ಜಾಹೀರಾತು ವಾಹನಗಳ ಮೆರವಣಿಗೆ ಹೊರಡಿಸಿದ. ಆದರೆ ತಂಡವೆಂದ ಮೇಲೆ ಸಹಾಯವೂ ಬಂತು. ಬ್ರೊಕ್ಕೊನ ಅಪರಾಧ ಈಗ ದೇಶಸೇವೆಯಾಯಿತು.

1934ರಲ್ಲಿ ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಒಟ್ಟಾರೆ ಮುನ್ನಡೆಯ ಗುರುತಾದ ಹಳದಿ ಜೆರ್ಸಿ ತೊಟ್ಟಿದ್ದ ಫ್ರೆಂಚ್ ತಂಡದ ನಾಯಕ ಆಂತೊನಿನ್ ಮಾಞ್‌ನ ಚಕ್ರ ಮುರಿದಾಗ, ಅದೇ ತಂಡದ 20 ವರ್ಷದ ರೆನೆ ವಿಯೆಟ್ಟೊ ತನ್ನ ಮುಂಚಕ್ರ ಬಿಚ್ಚಿಕೊಟ್ಟ. ಬಳಿಕ ರಸ್ತೆ ಬದಿಯ ಕಲ್ಲುಗೋಡೆಯ ಮೇಲೆ ಕೂತು, ಸಾಮಾನಿನ ಲಾರಿ ಬರುವವರೆಗೆ ಅತ್ತ. ಆ ಚಿತ್ರ ಫ್ರಾನ್ಸ್‌ನಲ್ಲೆಲ್ಲ ಹರಡಿತು. ಮರುದಿನ ಮತ್ತೆ ನಾಯಕನಿಗೆ ತೊಂದರೆಯಾದಾಗ, ಬಂದ ದಾರಿಯಲ್ಲೇ ಹಿಂದಿರುಗಿ ಹತ್ತಿ ಹೋಗಿ ಸೈಕಲ್ಲನ್ನೇ ಕೊಟ್ಟ. ಈ ತ್ಯಾಗದಿಂದಲೇ ವಿಯೆಟ್ಟೊ ಟೂರ್ ಕಳೆದುಕೊಂಡನೆಂದು ಈಗಲೂ ಬರೆಯುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಅವನು ಕಾದು ಕಳೆದದ್ದು ಕೆಲವೇ ನಿಮಿಷ. ಕೊನೆಗೆ ಐದನೆಯವನಾಗಿ ಹಿಂದೆ ಬಿದ್ದದ್ದು 59 ನಿಮಿಷ. ಕಣ್ಣೀರು ಪತ್ರಿಕೆಗೆ ಒದಗಿದಷ್ಟು ಗಡಿಯಾರ ಒದಗಲಿಲ್ಲವೆನ್ನಬೇಕು.

ಇಟಲಿಯಲ್ಲಿ ಈ ನಿಷ್ಠೆ ಇನ್ನೂ ಗಾಢ. 1952ರಲ್ಲಿ ಫೌಸ್ಟೊ ಕೊಪ್ಪಿಯ ಸಹಾಯಕ ಆಂದ್ರೆಯಾ ಕಾರೆಯಾನಿಗೆ ಲೊಸಾನ್‌ನಲ್ಲಿ ಅನಿರೀಕ್ಷಿತವಾಗಿ ಹಳದಿ ಜೆರ್ಸಿ ಸಿಕ್ಕಿತು. ಯಜಮಾನ ಏನೆಂದುಕೊಳ್ಳುತ್ತಾನೋ ಎಂದು ಅತ್ತುಬಿಟ್ಟ. ಮರುದಿನ ಆಲ್ಪ್ ದ್ಯುಏಜ್‌ನಲ್ಲಿ ಕೊಪ್ಪಿ ಅದನ್ನು ತೊಟ್ಟ.

ರಾಷ್ಟ್ರೀಯ ತಂಡದ ಪೊಳ್ಳುತನ ಬಯಲಾದದ್ದು 1959ರಲ್ಲಿ. ಅಂದಿನ ಸವಾರರ ಆದಾಯದ ದೊಡ್ಡ ಪಾಲು ಟೂರ್ ಮುಗಿದ ಮೇಲೆ ಊರೂರಲ್ಲಿ ನಡೆಯುತ್ತಿದ್ದ ಕ್ರೈಟೀರಿಯಂ ರೇಸುಗಳಿಂದ, ಅಂದರೆ ಏಜೆಂಟರ ಮೂಲಕ ಬರುತ್ತಿತ್ತು. ಫ್ರೆಂಚ್ ಸವಾರ ಆನ್ರಿ ಆಂಗ್ಲಾದ್ ಗೆದ್ದರೆ ಈ ರೇಸುಗಳಲ್ಲಿ ಉಳಿದ ಫ್ರೆಂಚ್ ತಾರೆಯರ ಬೆಲೆ ಇಳಿಯುತ್ತದೆ. ಬೆಟ್ಟದಲ್ಲಿ ಹುಲಿಯಾದರೂ ಸಮತಟ್ಟಿನಲ್ಲಿ ಸಾಧಾರಣನಾದ ಸ್ಪೇನಿನ ಬಹಾಮೊಂತೆಸ್ ಗೆದ್ದರೆ ಚಿಂತೆಯಿಲ್ಲ. ಫ್ರೆಂಚ್ ರಾಷ್ಟ್ರೀಯ ತಂಡದ ಝಾಕ್ ಆಂಕೆತಿಲ್ ಮತ್ತು ರೊಝೆ ರಿವಿಯೇರ್ ಸ್ವದೇಶಿಯನ್ನು ಬಿಟ್ಟು ಬಹಾಮೊಂತೆಸ್ ಗೆಲ್ಲಲು ಬಿಟ್ಟದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದು. ಆಂಗ್ಲಾದ್ ಸೋತದ್ದು 4 ನಿಮಿಷದ ಅಂತರದಿಂದ. ಪ್ಯಾರಿಸ್ಸಿನ ಜನ ಆಂಕೆತಿಲ್‌ನನ್ನು ಕೂಗಿ ಅವಮಾನಿಸಿದರು. ನಾನಾದರೋ ಅವನನ್ನು ದೂರಲಾರೆ. ವರ್ಷಪೂರ್ತಿ ಅನ್ನ ಕೊಡುವುದು ದೇಶದ ಜೆರ್ಸಿಯಾಗಿರಲಿಲ್ಲ.

1962ರಲ್ಲಿ ಕಂಪನಿ ತಂಡಗಳು ಟೂರಿಗೆ ಮರಳಿದವು. ಸಂಬಳ ಕೊಡುವವನಿಗೇ ದುಡಿಯುವುದು ಹೀಗೆ ನಿಯಮಬದ್ಧವಾಯಿತು. ಆದರೂ ಸಂಬಳದ ಕನಿಷ್ಠ ಮಿತಿ ಎಲ್ಲರಿಗೂ ಒಟ್ಟಿಗೆ ಬರಲಿಲ್ಲ: ಮಹಿಳೆಯರ ಅಗ್ರ ಶ್ರೇಣಿಯ ತಂಡಗಳಲ್ಲಿ ಅದು ಜಾರಿಯಾದದ್ದು 2020ರಲ್ಲಿ, ವರ್ಷಕ್ಕೆ 15,000 ಯುರೊ.