ಮಾದಪ್ಪನ ಪದ ಸಿನಿಮಾ ಹಾಡಾದ ಬಗೆ

ಜನ ಮಾದಪ್ಪ ಎಂದು ಕರೆಯುವ ಮಲೆಯ ಮಹದೇಶ್ವರನ ಕಾವ್ಯ ದಕ್ಷಿಣ ಕರ್ನಾಟಕದ ದೊಡ್ಡ ಮೌಖಿಕ ಕಾವ್ಯಗಳಲ್ಲಿ ಒಂದು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಇದನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದವರು ದೇವರಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಊರೂರು ತಿರುಗಿ ಭಿಕ್ಷೆ ಪಡೆಯುತ್ತ ಮಾದಪ್ಪನ ಮಹಿಮೆ ಸಾರುವುದು ಅವರ ಹರಕೆ. ಈ ಕಾವ್ಯದಿಂದ ಬಂದ ‘ಕೋಲುಮಂಡೆ’ ಪದ ಮುಂದೆ ಕನ್ನಡದ ಜನಪ್ರಿಯ ಚಿತ್ರಗೀತೆಯಾಯಿತು.

ಕಂಸಾಳೆ ಕಂಚಿನ ಜೋಡಿ ವಾದ್ಯ. ಒಂದು ಕೈಯಲ್ಲಿ ಬಟ್ಟಲಿನಾಕಾರದ ತಾಳ, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆ ಎಂಬ ಕುಣಿತದಲ್ಲಿ ಈ ಚಪ್ಪಟೆ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಬಳಿ ಬೀಸಿ ತಂದು ಲಯ ತಪ್ಪದಂತೆ ಬಟ್ಟಲಿಗೆ ತಾಗಿಸುತ್ತಾರೆ. ಕೂತು ಕಥೆ ಮಾಡುವಾಗ ಇದೇ ವಾದ್ಯ ಮೆಲ್ಲಗೆ ನುಡಿಯುತ್ತದೆ. ಮುಮ್ಮೇಳದವನು ಕಥೆಯನ್ನು ಹಾಡಾಗಿಯೂ ಮಾತಾಗಿಯೂ ನಡೆಸಿದರೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ.

ಕಾವ್ಯ ‘ಸಾಲು’ಗಳಾಗಿ ಹಂಚಿಕೊಂಡಿದೆ: ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಇತ್ಯಾದಿ. ಇವುಗಳಲ್ಲಿ ಜನರ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಸಂಕಮ್ಮನ ಕಥೆ. ಜೇನು ತರಲು ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಶೀಲದ ಬಗ್ಗೆ ಭಾಷೆ ಕೇಳುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವಳನ್ನು ಗುಡಿಸಿಲೊಳಗೆ ಕೂಡಿಹಾಕಿ ಅವನು ಹೋಗಿಬಿಡುತ್ತಾನೆ. ಜಂಗಮನಾಗಿ ಬಂದ ಮಾದಪ್ಪ ಅವಳನ್ನು ಕಾಪಾಡಿ ಮಕ್ಕಳ ವರ ಕೊಡುತ್ತಾನೆ. ಜಂಗಮ ಕ್ವಾರಣ್ಯ (ಭಿಕ್ಷೆ) ಬೇಡಿ ಬರುವ ಸಂದರ್ಭವೇ ‘ಕೋಲುಮಂಡೆ’ ಪದದ ವಸ್ತು.

ಬಾಯಿಂದ ಬಾಯಿಗೆ ಬಂದ ಈ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಇನ್ನೊಂದು ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಪುಸ್ತಕದಲ್ಲಿ ಕಥೆ ಪೂರ್ತಿಯಾಗಿ ಉಳಿಯಿತು. ಧ್ವನಿಮುದ್ರಣಕ್ಕೆ ಆ ಅವಕಾಶವಿರಲಿಲ್ಲ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ ಹಾಡು. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾಗಿ ಹಳ್ಳಿಗೂ ಬಂದಾಗ ಆ ಹೊತ್ತು ಮಗ್ಗುಲಿಗೆ ಅರ್ಧ ಗಂಟೆಯಷ್ಟಾಯಿತು. ಇಡೀ ರಾತ್ರಿ ನಡೆಯುವ ಕಥೆಗೆ ಅದೂ ಸಾಲದು. ಹಾಗಾಗಿ ಪಲ್ಲವಿಯಂತೆ ಮರಳಿ ಬರುವ, ಗುಂಪಾಗಿ ಹಾಡಬಹುದಾದ ಪದಗಳು ಕಥೆಯಿಂದ ಬಿಡಿಬಿಡಿಯಾಗಿ ಹೊರಬಂದು ಭಕ್ತಿಗೀತೆಗಳಾದವು.

ಸಿನಿಮಾದಲ್ಲಿ ದೊಡ್ಡ ಯಶಸ್ಸು ಬಂದದ್ದು 1996ರಲ್ಲಿ. ಟಿ.ಎಸ್. ನಾಗಾಭರಣ ನಿರ್ದೇಶನದ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ‘ಕೋಲುಮಂಡೆ’ ಹಾಡಿದರು. ಈ ಹಾಡು ಅವರಿಗೆ ಆ ವರ್ಷದ ಅತ್ಯುತ್ತಮ ಗಾಯಕ ರಾಜ್ಯ ಪ್ರಶಸ್ತಿ ತಂದಿತು. ಚಿತ್ರದ ನಿರ್ಮಾಪಕಿ ಪಾರ್ವತಮ್ಮ ರಾಜ್‌ಕುಮಾರ್. ಅವರ ಪತಿ, ನಟ ರಾಜ್‌ಕುಮಾರ್ ಹುಟ್ಟಿದ ಗಾಜನೂರು ಚಾಮರಾಜನಗರದ ಗಡಿಗೆ ಹತ್ತಿರದ್ದು. ಮಾದಪ್ಪನ ಪದಗಳು ಆ ನೆಲದ ನಿತ್ಯದ ಹಾಡು. ಈ ಚಿತ್ರ ಬಂದ ಮೇಲೆ ಮಹದೇಶ್ವರ ಬೆಟ್ಟವನ್ನು ಕಾಣದವರ ಬಾಯಲ್ಲೂ ಈ ಪದ ನಿಂತಿತು.

ಮುಂದಿನ ತಲೆಮಾರಿನ ಗಾಯಕ ರಘು ದೀಕ್ಷಿತ್ 2008ರಲ್ಲಿ ತಮ್ಮ ಹೆಸರಿನ ಮೊದಲ ಆಲ್ಬಂ ಹೊರತಂದರು. ಅದೇ ವರ್ಷ ‘ಸೈಕೋ’ ಚಿತ್ರಕ್ಕೆ ಅವರು ಮಾಡಿದ ಮಹದೇಶ್ವರನ ಹಾಡು, ಗಿಟಾರ್ ಜೊತೆ ಜಾನಪದದ ಏರುದನಿ ಸೇರಿಸಿ, ಕಾಲೇಜು ಹುಡುಗರ ಮೆಚ್ಚುಗೆ ಗಳಿಸಿತು. ಇದು ಹಳೆಯ ಪದವಲ್ಲ, ಹೊಸ ರಚನೆ. ಆದರೂ ಮಾದಪ್ಪನನ್ನು ಕೂಗಿ ಕರೆಯುವ ದಾಟಿ ದೇವರಗುಡ್ಡರದೇ.

2020ರ ಆಗಸ್ಟ್‌ನಲ್ಲಿ ರ‍್ಯಾಪರ್ ಚಂದನ್ ಶೆಟ್ಟಿ ‘ಕೋಲುಮಂಡೆ’ಯನ್ನು ವಿಡಿಯೋ ಸಹಿತ ಸಿಂಗಲ್ ಆಗಿ ಬಿಡುಗಡೆ ಮಾಡಿದರು. ಶಿವಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ತೀವ್ರವಾಗಿ ಆಕ್ಷೇಪಿಸಿದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೋ ಹಿಂದಕ್ಕೆ ಹೋಯಿತು. 1996ರಲ್ಲಿ ಮೆಚ್ಚುಗೆ ಪಡೆದ ಪದವೇ 2020ರಲ್ಲಿ ನೋವು ತಂದದ್ದಕ್ಕೆ ಕಾರಣ ಸ್ಪಷ್ಟ. ಹೊರಗಿನವರಿಗೆ ಅದು ಒಂದು ಹಾಡು. ಮಾದಪ್ಪನ ಒಕ್ಕಲಿನವರಿಗೆ ಅದು ಶೀಲದ ಪರೀಕ್ಷೆಗೆ ತಲೆಬಾಗದ ಹೆಣ್ಣೊಬ್ಬಳ ಕಥೆಯ ಭಾಗ. ರಾಗ ಬದಲಾದರೆ ಅವರು ಸಹಿಸಿಯಾರು, ಸಂಕಮ್ಮನ ಘನತೆಗೆ ಕುಂದು ಬಂದರೆ ಸಹಿಸರು. ಈ ಪದವನ್ನು ಮುಂದೆ ಯಾರೇ ಹೊಸದಾಗಿ ಹಾಡಲಿ, ಸಂಕಮ್ಮನ ಸಾಲನ್ನು ಪೂರ್ತಿ ಕೇಳಿ ಹಾಡುವುದೇ ಸರಿಯಾದ ದಾರಿ.