ಒಲೆಬದಿಯ ಬುಟ್ಟಿ ಮತ್ತು ಕೊಕ್ಕರೆ ರೋಗ

ಚಾರ್ಮಾಡಿ ಘಾಟಿ ಹತ್ತಿ ಬಂದವರನ್ನು ಎದುರುಗೊಳ್ಳುವ ಊರು ಕೊಟ್ಟಿಗೆಹಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ಆಳ್ವಿಕೆ. ಒಗೆದ ಬಟ್ಟೆ ಒಲೆಯ ಕಾವಿನಲ್ಲಿ ಒಣಗಬೇಕು, ಸೌದೆ ಬೇಸಿಗೆಯಲ್ಲೇ ಸೂರಿನಡಿ ಸೇರಬೇಕು. ಇಂಥ ಕಡೆ ಹಿತ್ತಲ ಕೋಳಿಗೆ ಜಡ್ಡು ಬಂದರೆ ಅದೂ ಒಲೆಯ ಬಳಿಗೇ ಬರಬೇಕು. ಬುಟ್ಟಿಯಡಿ ಗರಿ ಉಬ್ಬಿಸಿಕೊಂಡು, ಅರೆಗಣ್ಣು ಮುಚ್ಚಿ ಕುಳಿತ ಹೇಂಟೆ ಮಲೆನಾಡಿನ ಹಳೆಯ ಅಡುಗೆಮನೆಗಳಿಗೆ ಹೊಸದೇನಲ್ಲ.

ಒಂದು ಕೋಳಿಗೆ ಇಷ್ಟೊಂದು ಉಪಚಾರವೇಕೆ? ಉತ್ತರ ಮನೆಯ ಲೆಕ್ಕಾಚಾರದಲ್ಲಿದೆ. ಕಾಫಿ, ಏಲಕ್ಕಿ, ಮೆಣಸಿನ ಹಣ ತೋಟದ ಯಜಮಾನನ ಪುಸ್ತಕಕ್ಕೆ ಸೇರುತ್ತಿತ್ತು. ಕೂಲಿಯ ಹಣ ಅಂಗಡಿಯ ಸಾಲಕ್ಕೆ ಹೋಗುತ್ತಿತ್ತು. ಮೊಟ್ಟೆ ಮತ್ತು ಕೋಳಿ ಮಾರಿದ ಕಾಸು ಮಾತ್ರ ಬಹುಮಟ್ಟಿಗೆ ಮನೆಯ ಹೆಂಗಸಿನ ಕೈಯಲ್ಲೇ ಉಳಿಯುತ್ತಿತ್ತು. ಮಗುವಿನ ಪಾಠಪುಸ್ತಕ, ಜ್ವರದ ಔಷಧಿ, ಜಾತ್ರೆಯ ಬಳೆ ಎಲ್ಲಕ್ಕೂ ಅದೇ ಆಧಾರ. ನೆಂಟರು ಬಂದರೆ ಕಡುಬಿನ ಜೊತೆಗೆ ಸಾರಾಗುವುದೂ ಅದೇ ಕೋಳಿ. ಹೀಗಾಗಿ ಹಿತ್ತಲಿನಲ್ಲಿ ಹತ್ತು ಕೋಳಿ ಸತ್ತರೆ ಆಕೆಯ ಉಳಿತಾಯವೇ ಮುಳುಗಿದಂತೆ.

ಬುಟ್ಟಿಯ ಚಿಕಿತ್ಸೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಆರೋಗ್ಯವಂತ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮನುಷ್ಯನದು 37. ಮೇವು ಬಿಟ್ಟ ಕೋಳಿ ಆ ಬಿಸಿಯನ್ನು ಉಳಿಸಿಕೊಳ್ಳಲಾರದೆ ಸೊರಗುತ್ತದೆ. ಅದಕ್ಕೇ ಗರಿ ಉಬ್ಬಿಸುವುದು. ಒಲೆಯ ಕಾವು ಈ ಕೊರತೆಯನ್ನು ತುಂಬುತ್ತದೆ. ಬುಟ್ಟಿಯೊಳಗಿರುವ ಕೋಳಿಯನ್ನು ಉಳಿದವು ಕುಕ್ಕುವುದಿಲ್ಲ, ಅದರ ಹಿಕ್ಕೆಯನ್ನು ಕೆದಕುವುದಿಲ್ಲ. ಬೆಚ್ಚಗಿಡು, ಬೇರೆ ಇಡು, ನೀರು ಕುಡಿಸು ಎಂಬ ಮೂರು ಮಾತನ್ನು ಇಂದಿನ ಪಶುವೈದ್ಯರೂ ಹೇಳುತ್ತಾರೆ.

ಉಳಿದ ಮದ್ದುಗಳಲ್ಲಿಯೂ ಕೆಲವಕ್ಕೆ ಅರ್ಥವಿದೆ. ಕೋಳಿಗಳು ಒಲೆಯ ಬೂದಿಯಲ್ಲಿ ಹೊರಳಾಡಿದರೆ ಹೇನು ಕಡಿಮೆಯಾಗುತ್ತದೆ. ಸಿಡುಬಿನ ಗಂಟುಗಳಿಗೆ ಅರಿಶಿನ ಕಲಸಿದ ಎಣ್ಣೆ ಹಚ್ಚಿದರೆ ಹಕ್ಕಳೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಮರಿಗಳನ್ನು ಕಾಡುವ ರಕ್ತಭೇದಿಯ ಪರೋಪಜೀವಿ ಬಲಿಯುವುದೇ ಒದ್ದೆ ನೆಲದಲ್ಲಿ. ಆದ್ದರಿಂದ ಗೂಡಿಗೆ ಒಣ ಹೊಟ್ಟು ಹಾಸುವುದೇ ಅರ್ಧ ಔಷಧಿ. ಬೆಳ್ಳುಳ್ಳಿ, ಕಾಳುಮೆಣಸು ಅರೆದು ಅನ್ನದ ಉಂಡೆಯಲ್ಲಿ ನುಂಗಿಸುವ ರೂಢಿಯೂ ಉಂಟು.

ಆದರೆ ಇವೆಲ್ಲವೂ ಕೈಚೆಲ್ಲುವ ಒಂದು ಕಾಯಿಲೆಯಿದೆ. ಹಳ್ಳಿಗರ ಬಾಯಲ್ಲಿ ಅದು ಕೊಕ್ಕರೆ ರೋಗ. ಬಾಯ್ತೆರೆದು ಏದುಸಿರು, ಹಸಿರು ಭೇದಿ, ತಿರುಚಿದ ಕತ್ತು, ಬಿದ್ದುಹೋದ ರೆಕ್ಕೆ. ಒಂದು ಮನೆಗೆ ಬಂದರೆ ಕೆಲವೇ ದಿನಗಳಲ್ಲಿ ಕೇರಿಯ ಗೂಡುಗಳೆಲ್ಲ ಬರಿದು. ಕಣ್ಣಿಗೆ ಕಾಣದ ಇಂಥ ಪಿಡುಗನ್ನು ಮಾರಿಯೆಂದು ಕರೆದು ಗಡಿ ದಾಟಿಸುವ ಆಚರಣೆಗಳು ಅನೇಕ ಕಡೆ ಇದ್ದವು. ಘಾಟಿಯ ಕೆಳಗೆ ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜ, ಊರಿನ ರೋಗರುಜಿನಗಳನ್ನು ಕಳೆಯುವನೆಂಬ ನಂಬಿಕೆ ಇಂದಿಗೂ ಇದೆ.

ವಿಜ್ಞಾನ ಈ ರೋಗವನ್ನು ಗುರುತಿಸಿ ಇನ್ನೂ ನೂರು ವರ್ಷಗಳಷ್ಟೇ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯೂ ಅದು ಕಾಣಿಸಿಕೊಂಡಿತು. ಜಗತ್ತು ಅದನ್ನು ನ್ಯೂಕ್ಯಾಸಲ್ ರೋಗವೆಂದಿತು. ಅದರ ಬೆನ್ನಲ್ಲೇ, ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕೋಳಿಗಳು ಸತ್ತಾಗ ಎಡ್ವರ್ಡ್ಸ್ ಎಂಬ ವಿಜ್ಞಾನಿ ಅದನ್ನು ದಾಖಲಿಸಿದರು. ಭಾರತದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂಬ ಹೆಸರೇ ನಿಂತಿತು. ಕಾರಣ ಒಂದು ವೈರಾಣು. ಅದನ್ನು ಕೊಲ್ಲುವ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಡೆಯುವುದೊಂದೇ ದಾರಿ.

ಆ ದಾರಿ ತೆರೆದದ್ದು ರಾಣಿಖೇತ್‌ಗೆ ದೂರವಲ್ಲದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ. 1940ರ ದಶಕದಲ್ಲಿ ವೈರಾಣುವನ್ನು ಮೊಟ್ಟೆಯೊಳಗಿನ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆಯನ್ನು ಇಳಿಸಿ ಲಸಿಕೆ ತಯಾರಿಸಲಾಯಿತು. ಇತ್ತ ಮೈಸೂರು ಸಂಸ್ಥಾನದಲ್ಲಿ, ದನಗಳ ದೊಡ್ಡ ರೋಗದ ವಿರುದ್ಧ 1925ರಲ್ಲಿ ಆರಂಭವಾದ ಹೆಬ್ಬಾಳದ ಸೀರಂ ಸಂಸ್ಥೆ ಮುಂದೆ ಕೋಳಿಯ ಲಸಿಕೆಗಳನ್ನೂ ತಯಾರಿಸತೊಡಗಿತು. ಈಗ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ಹತ್ತು ವಾರವಾದಾಗ ಒಂದು ಚುಚ್ಚುಮದ್ದು ರೂಢಿಯ ಕ್ರಮ.

ಲಸಿಕೆಯಿದ್ದೂ ಹಿತ್ತಲ ಕೋಳಿ ಏಕೆ ಸಾಯುತ್ತಿದೆ? ಒಂದು ಸೀಸೆ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು. ಮನೆಯಲ್ಲಿರುವುದು ಹತ್ತು. ಲಸಿಕೆಯನ್ನು ಮಂಜುಗಡ್ಡೆಯಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಗುಡ್ಡಕ್ಕೊಂದು ಮನೆಯಿರುವ, ವಿದ್ಯುತ್ ಕೈಕೊಡುವ ಮಳೆನಾಡಿನಲ್ಲಿ ಇದು ಸುಲಭವಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬಿಸಿಲನ್ನು ಹೆಚ್ಚು ತಾಳುವ ಲಸಿಕೆಯನ್ನು ರೂಪಿಸಿ ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಿಗೆ ಒಯ್ದದ್ದು ಇದೇ ತೊಡಕನ್ನು ಬಿಡಿಸಲು. ನಮ್ಮಲ್ಲಿ ಸರಳ ಉಪಾಯವೆಂದರೆ ಹತ್ತು ಮನೆಯವರು ಕೂಡಿ, ಒಂದೇ ದಿನ ಒಂದೇ ಸೀಸೆ ತರಿಸುವುದು.

ಇನ್ನೊಂದು ಹಳೆಯ ಅಭ್ಯಾಸವೂ ರೋಗಕ್ಕೆ ಬೆಂಬಲವಾಯಿತು. ಕೋಳಿ ಮಂಕಾದೊಡನೆ, ಸಾಯುವ ಮುನ್ನ ಸಂತೆಗೆ ಒಯ್ದು ಮಾರಿಬಿಡುವುದು. ನಷ್ಟ ಉಳಿಸುವ ಆತುರದಲ್ಲಿ ಒಂದು ಊರಿನ ವೈರಾಣು ಮರುದಿನವೇ ಇನ್ನೊಂದು ಊರಿನ ಹಿತ್ತಲು ಸೇರುತ್ತಿತ್ತು. ಕೊಂಡವಳೂ ಕಾಸು ಕೂಡಿಟ್ಟ ಇನ್ನೊಬ್ಬ ಹೆಂಗಸೇ.

ಈಚಿನ ದಶಕಗಳಲ್ಲಿ ಹೊಸ ಎಚ್ಚರವೊಂದು ಸೇರಿಕೊಂಡಿದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾಯಿತು. 2012ರಲ್ಲಿ ಅದು ಬೆಂಗಳೂರಿನ ಬಳಿಯ ಹೆಸರಘಟ್ಟಕ್ಕೂ ಬಂತು. ಹೊರನೋಟಕ್ಕೆ ಹಕ್ಕಿಜ್ವರಕ್ಕೂ ಕೊಕ್ಕರೆ ರೋಗಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಪ್ರಯೋಗಾಲಯವೇ ಹೇಳಬೇಕು. ಹಕ್ಕಿಜ್ವರ ಮನುಷ್ಯರಿಗೂ ತಗಲಬಲ್ಲದು. ಒಮ್ಮೆಲೇ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಮಾರದೆ ಪಶು ಆಸ್ಪತ್ರೆಗೆ ತಿಳಿಸಬೇಕು ಎನ್ನುವುದು ಅದಕ್ಕೇ.

ಹಾಗಾದರೆ ಅಜ್ಜಿಯ ಬುಟ್ಟಿಯನ್ನು ಎಸೆಯಬೇಕೆ? ಬೇಕಿಲ್ಲ. ಮಂಕಾದ ಕೋಳಿಗೆ ಈಗಲೂ ಬೇಕಾದದ್ದು ಬಿಸಿ, ಏಕಾಂತ, ನೀರು. ಬದಲಾಗಬೇಕಾದದ್ದು ಬುಟ್ಟಿಯ ಜಾಗ. ಅನ್ನ ಬೇಯುವ ಒಲೆಯ ಬದಿಯಿಂದ ಅದು ಕೊಟ್ಟಿಗೆಯ ಒಣ ಮೂಲೆಗೆ ಹೋಗಬೇಕು, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಮತ್ತು ಮುಂದಿನ ಮಳೆ ಹಿಡಿಯುವ ಮೊದಲೇ ಆ ಒಂದು ಸೀಸೆಗಾಗಿ ನೆರೆಮನೆಯ ಬಾಗಿಲು ತಟ್ಟಬೇಕು.