ಅತಿಭಾರಾರೋಪಣ: ಸರಕು, ಹಡಗು ಮತ್ತು ಒಂದು ಗೆರೆಯ ಇತಿಹಾಸ

ಅಹಿಂಸಾಣುವ್ರತಕ್ಕೆ ಹೇಳಲಾದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಲೋಭದಿಂದ ಪ್ರಾಣಿಯ ಮೇಲಾಗಲಿ ಆಳಿನ ಮೇಲಾಗಲಿ ಹೊರಲಾರದಷ್ಟು ಭಾರವನ್ನು ಹೇರುವುದೇ ಈ ದೋಷ. ಈ ಮಾತನ್ನು ಕೇಳಿದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಏರುದಾರಿಯಲ್ಲಿ ಮುಗ್ಗರಿಸುವ ಗಾಡಿಯ ಎತ್ತು. ಹಡಗಾದರೋ ನಿರ್ಜೀವ ವಸ್ತು. ಅದರಲ್ಲಿ ಮಿತಿಮೀರಿ ಸರಕು ತುಂಬಿದರೆ ನೋವು ಯಾರಿಗೆ? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಇತಿಹಾಸವು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ.

ಸರಕಿನ ಸ್ವಭಾವವನ್ನು ಅರಿಯದೆ ಹಡಗಿನ ಕಷ್ಟವನ್ನು ಅರಿಯಲಾಗದು. ಹತ್ತಿ ಹಗುರ, ಹಡಗಿನ ಒಡಲು ಪೂರ್ತಿ ತುಂಬಿದರೂ ಅದು ನೀರಿನಲ್ಲಿ ಹೆಚ್ಚು ಇಳಿಯುವುದಿಲ್ಲ. ಕಬ್ಬಿಣವು ಇದಕ್ಕೆ ವಿರುದ್ಧ. ಒಡಲಿನ ಬಹುಭಾಗ ಬರಿದಾಗಿರುವಾಗಲೇ ಹಡಗು ಮುಳುಗುವಷ್ಟು ಭಾರವಾಗಬಲ್ಲುದು. ಬಿಡಿಯಾಗಿ ಸುರಿದ ಧಾನ್ಯವು ಅಲೆಯ ಹೊಯ್ದಾಟಕ್ಕೆ ನೀರಿನಂತೆ ಒಂದು ಬದಿಗೆ ಸರಿದು ಹಡಗನ್ನು ಮಗುಚುತ್ತದೆ. ಕಲ್ಲಿದ್ದಲು ದೂರದ ಪ್ರಯಾಣದಲ್ಲಿ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವುದುಂಟು. ಮರವನ್ನು ಡೆಕ್ಕಿನ ಮೇಲೂ ಪೇರಿಸುತ್ತಿದ್ದುದರಿಂದ ಚಳಿಗಾಲದ ಬಿರುಗಾಳಿಯಲ್ಲಿ ಹಡಗು ಮೇಲ್ಭಾರದಿಂದ ತೂಗಾಡುತ್ತಿತ್ತು. ಸರಕು ಯಾವುದೇ ಇರಲಿ, ನೀರಿನ ಮಟ್ಟದಿಂದ ಡೆಕ್ಕಿನವರೆಗೆ ಸಾಕಷ್ಟು ಎತ್ತರ ಉಳಿಯಬೇಕು. ಆ ಎತ್ತರವೇ ನಾವಿಕರ ಪ್ರಾಣಕ್ಕೆ ಆಧಾರ.

ಆದರೆ ಪ್ರತಿಯೊಂದು ಟನ್ ಸರಕಿಗೂ ಬಾಡಿಗೆ ದೊರೆಯುವಾಗ ಆ ಎತ್ತರವನ್ನು ಉಳಿಸಲು ಎಲ್ಲ ಮಾಲೀಕರೂ ಸಿದ್ಧರಿರಲಿಲ್ಲ. ಹಡಗಿಗೆ ವಿಮೆಯಿತ್ತು, ಮುಳುಗಿದರೂ ಮಾಲೀಕನ ನಷ್ಟ ತುಂಬಿಬರುತ್ತಿತ್ತು. ನಾವಿಕನ ಪತ್ನಿಗೂ ಮಕ್ಕಳಿಗೂ ಅಂತಹ ಆಸರೆ ಇರಲಿಲ್ಲ. ಇನ್ನೂ ಖೇದಕರವಾದ ಸಂಗತಿಯೆಂದರೆ, ಒಮ್ಮೆ ಕರಾರಿಗೆ ಸಹಿ ಹಾಕಿದ ನಾವಿಕನು ಆಮೇಲೆ ಹಡಗಿನ ಸ್ಥಿತಿಯನ್ನು ಕಂಡು ಹತ್ತಲು ನಿರಾಕರಿಸಿದರೆ ಅವನನ್ನು ಸೆರೆಮನೆಗೆ ಕಳುಹಿಸಲು ಕಾನೂನಿನಲ್ಲಿ ಅವಕಾಶವಿತ್ತು. ಭಾರ ಹೇರಿದವನು ದಡದಲ್ಲಿ ಕ್ಷೇಮವಾಗಿದ್ದನು. ಅದನ್ನು ಹೊತ್ತವನಿಗೆ ಬೇಡವೆನ್ನುವ ಸ್ವಾತಂತ್ರ್ಯವೂ ಇರಲಿಲ್ಲ.

ಎಲ್ಲ ವ್ಯಾಪಾರಿಗಳೂ ಇಂತಹವರೇ ಆಗಿದ್ದರೆಂದು ಭಾವಿಸಬಾರದು. ಹೇರಿಕೆಗೆ ಒಂದು ಮಿತಿಯ ಗೆರೆ ಇರಬೇಕೆಂದು ಮೊದಲೇ ವಾದಿಸಿದವರಲ್ಲಿ ಜೇಮ್ಸ್ ಹಾಲ್ ಎಂಬಾತನು ಸ್ವತಃ ಹಡಗು ಮಾಲೀಕ. ಈ ವಿಚಾರವನ್ನು ಕೈಗೆತ್ತಿಕೊಂಡು ರಾಷ್ಟ್ರದ ಪ್ರಶ್ನೆಯನ್ನಾಗಿಸಿದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಕೂಡ ಕಲ್ಲಿದ್ದಲಿನ ವ್ಯಾಪಾರಿಯೇ. 1824ರಲ್ಲಿ ಜನಿಸಿದ ಅವನು 1868ರಲ್ಲಿ ಡರ್ಬಿ ನಗರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದನು. 1873ರಲ್ಲಿ ನಾವಿಕರ ದುಃಸ್ಥಿತಿಯನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಅದರಲ್ಲಿನ ಆರೋಪಗಳಿಗಾಗಿ ಮಾನನಷ್ಟ ಮೊಕದ್ದಮೆಗಳನ್ನೂ ಎದುರಿಸಬೇಕಾಯಿತು. ಆದರೆ ಜನಮನ ಕಲಕಿತು. ಅದೇ ವರ್ಷ ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು.

1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿಯು ಹಡಗುಗಳ ಮಸೂದೆಯನ್ನು ಆ ಅಧಿವೇಶನದಲ್ಲಿ ಕೈಬಿಡುವುದಾಗಿ ಸಾರಿದಾಗ ಪ್ಲಿಮ್‌ಸಾಲನ ಸಹನೆ ಮೀರಿತು. ನಾವಿಕರನ್ನು ಸಾವಿಗೆ ಕಳುಹಿಸುವವರನ್ನು ದುಷ್ಟರೆಂದು ಸಭೆಯಲ್ಲಿಯೇ ಬಹಿರಂಗವಾಗಿ ನಿಂದಿಸಿದನು. ಆಡಿದ ಕಟುಮಾತಿಗೆ ಆಮೇಲೆ ಕ್ಷಮೆ ಯಾಚಿಸಿದನು. ಹಿಡಿದ ಕಾರ್ಯವನ್ನು ಬಿಡಲಿಲ್ಲ. ಜನಾಭಿಪ್ರಾಯಕ್ಕೆ ಮಣಿದ ಸರಕಾರವು ಅದೇ ವರ್ಷ ತಾತ್ಕಾಲಿಕ ಕಾನೂನನ್ನೂ 1876ರಲ್ಲಿ ಹಡಗಿನ ಮೈಮೇಲೆ ಗೆರೆ ಬರೆಯಬೇಕೆಂಬ ಕಡ್ಡಾಯದ ಕಾನೂನನ್ನೂ ತಂದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. 1876ರ ಕಾನೂನು ಗೆರೆಯನ್ನು ಬರೆಯಬೇಕೆಂದಿತೇ ಹೊರತು ಅದನ್ನು ಎಲ್ಲಿ ಬರೆಯಬೇಕೆಂಬುದನ್ನು ಮಾಲೀಕನ ಇಚ್ಛೆಗೇ ಬಿಟ್ಟಿತ್ತು. ಲೋಭಿಯಾದವನು ತನಗೆ ಅನುಕೂಲವಾದ ಎತ್ತರದಲ್ಲಿ ಗೆರೆ ಎಳೆದು ಕಾನೂನನ್ನು ಪಾಲಿಸಿದೆನೆಂದು ಹೇಳಿಕೊಳ್ಳಬಹುದಾಗಿತ್ತು. ಈ ಲೋಪವು ಸರಿಹೋದದ್ದು 1890ರಲ್ಲಿ; ಅಂದಿನಿಂದ ಗೆರೆಯ ಸ್ಥಾನವನ್ನು ಲೆಕ್ಕಾಚಾರದಿಂದ ನಿರ್ಧರಿಸುವುದು ಕಡ್ಡಾಯವಾಯಿತು. ಪ್ಲಿಮ್‌ಸಾಲನು 1898ರಲ್ಲಿ ತೀರಿಕೊಂಡನು. 1930ರ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಈ ನಿಯಮವು ಅನೇಕ ರಾಷ್ಟ್ರಗಳಿಗೆ ಸಮಾನವಾಯಿತು. ಇಂದು ಜಾರಿಯಲ್ಲಿರುವುದು 1966ರ ಒಪ್ಪಂದ.

ಬಂದರಿಗೆ ಹೋದವರು ಸರಕು ಹಡಗಿನ ನಡುಭಾಗದಲ್ಲಿ ಈ ಗುರುತನ್ನು ಇಂದಿಗೂ ನೋಡಬಹುದು. ಒಂದು ವೃತ್ತ, ಅದರ ನಡುವೆ ಹಾದುಹೋಗುವ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಚಿಕ್ಕ ಗೆರೆಗಳು. ಸಿಹಿನೀರಿನಲ್ಲಿ ಹಡಗು ಹೆಚ್ಚು ಆಳಕ್ಕೆ ಇಳಿಯುವುದರಿಂದ ಅದಕ್ಕೆ ಮೇಲಿನ ಗೆರೆ. ಚಳಿಗಾಲದ ಒರಟು ಸಮುದ್ರಕ್ಕೆ ಕೆಳಗಿನ ಗೆರೆ. ಮಿತಿಯು ದೇಶಕಾಲಗಳನ್ನು ಅನುಸರಿಸುತ್ತದೆ, ಆದರೆ ಮಿತಿಯೇ ಇಲ್ಲದ ಕಾಲವಿಲ್ಲ.

ಇಂದು ಪ್ರತಿಯೊಂದು ಬಗೆಯ ಸರಕಿಗೂ ಬೇರೆ ಬೇರೆ ಹಡಗುಗಳಿವೆ. ತೈಲದ ಟ್ಯಾಂಕರುಗಳಲ್ಲಿ ದ್ರವವು ಒಮ್ಮೆಗೇ ಒಂದು ಬದಿಗೆ ನುಗ್ಗದಂತೆ ಒಡಲನ್ನು ಹಲವು ಕೋಣೆಗಳಾಗಿ ವಿಭಾಗಿಸಿರುತ್ತಾರೆ. ಅದಿರು, ಕಲ್ಲಿದ್ದಲು, ಧಾನ್ಯಗಳನ್ನು ಬಿಡಿಯಾಗಿ ಸುರಿದು ಒಯ್ಯುವ ಹಡಗುಗಳು ಬೇರೆ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಕಂಟೈನರ್ ಸಾಗಣೆಯ ಯುಗವು ಅಲ್ಲಿಂದ ಬೆಳೆಯಿತು. ಮುಚ್ಚಿದ ಪೆಟ್ಟಿಗೆಯ ತೂಕವು ಹೊರಗಿನವರಿಗೆ ತಿಳಿಯದು. ಕಳುಹಿಸುವವನು ಬರೆದುಕೊಟ್ಟದ್ದನ್ನೇ ನಂಬಬೇಕು. ಸುಳ್ಳು ತೂಕದಿಂದ ಪೆಟ್ಟಿಗೆಗಳ ಸಾಲು ಕುಸಿಯುವ ಅಪಾಯವಿರುವುದರಿಂದ, 2016ರ ಜುಲೈ 1ರಿಂದ ತೂಕವನ್ನು ಪರಿಶೀಲಿಸಿ ದೃಢೀಕರಿಸದ ಕಂಟೈನರನ್ನು ಹಡಗಿಗೆ ಏರಿಸಬಾರದೆಂಬ ನಿಯಮ ಬಂದಿದೆ.

ನಮ್ಮ ಕರಾವಳಿಗೂ ಇಂತಹ ಪಾಠವೊಂದು ದೊರೆತಿದೆ. 2009ರ ಜುಲೈ ತಿಂಗಳಲ್ಲಿ, ಮಳೆಗಾಲದ ನಡುವೆ, ಕಬ್ಬಿಣದ ಅದಿರಿನ ಪುಡಿಯನ್ನು ಹೊತ್ತ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಮಂಗಳೂರಿನ ಸಮೀಪ ಸಮುದ್ರದಲ್ಲಿ ಮುಳುಗಿತು. ಅದರಲ್ಲಿದ್ದವರನ್ನು ರಕ್ಷಿಸಲಾಯಿತು. ಅದಿರಿನ ಪುಡಿಯಲ್ಲಿ ತೇವವು ಮಿತಿಮೀರಿದರೆ, ಹಡಗಿನ ಕಂಪನಕ್ಕೆ ಅದು ಕೆಸರಿನಂತಾಗಿ ಒಂದು ಬದಿಗೆ ಹರಿದುಬಿಡುತ್ತದೆ. ಆಗ ಹೊರಗಿನ ಗೆರೆ ಸರಿಯಾಗಿದ್ದರೂ ಪ್ರಯೋಜನವಿಲ್ಲ. ಆದುದರಿಂದಲೇ ಹೇರುವ ಮೊದಲು ತೇವಾಂಶವನ್ನು ಪರೀಕ್ಷಿಸಿ ಸತ್ಯವಾಗಿ ನಮೂದಿಸುವುದು ಸರಕಿನ ಒಡೆಯನ ಕರ್ತವ್ಯ.

ಹಡಗಿಗೆ ನೋವಿಲ್ಲ, ನಿಜ. ಆದರೆ ಅದರ ಮೇಲೆ ಹೇರಿದ ಅತಿಭಾರವು ಒಳಗಿರುವ ಮನುಷ್ಯರ ಮೇಲೆಯೇ ಬೀಳುತ್ತದೆ. ಪ್ಲಿಮ್‌ಸಾಲನ ಕಾಲದ ಮಾಲೀಕನು ತನ್ನ ಕೈಯಿಂದ ಯಾರನ್ನೂ ಕೊಲ್ಲಲಿಲ್ಲ. ಇನ್ನಷ್ಟು ಸರಕು ತುಂಬಿರೆಂದು ಹೇಳಿದನು, ಅಷ್ಟೆ. ನಮ್ಮಲ್ಲಿ ಅನೇಕರು ವ್ಯಾಪಾರಸ್ಥರು. ಸರಕು ಲಾರಿಯಲ್ಲಿ ಹೋಗಲಿ, ಹಡಗಿನಲ್ಲಿ ಹೋಗಲಿ, ಕೂಲಿಯವನ ಬೆನ್ನ ಮೇಲೆಯೇ ಹೋಗಲಿ, ಹೇರಿಕೆಯ ಚೀಟಿಗೆ ಸಹಿ ಹಾಕುವ ಮುನ್ನ ಇದನ್ನು ಹೊರುವವರು ಯಾರೆಂದು ಒಮ್ಮೆ ವಿಚಾರಿಸಿದರೆ ಈ ಅತಿಚಾರದಿಂದ ದೂರವಿರಬಹುದು.